ಆರ್ಡಿನರಿ ಗಾಡಿ

ಕ್ಯಾಂಪಿನ ಮೇಜರ್ ಸಾಹೇಬರಿಗೆ ಜೋಧಪುರಕ್ಕ ಬದಲಿ ಆತು,
ಮೇಡಮ್ಮು ಅಂಗಳದಾಗ ಸಾಮಾನ ಮಾರಾಕ ಕುಂತ್ರು.
ಹದಿನಾಲ್ಕು ನೂರು ಕೊಟ್ಟು ತಂದೆ,
ಟಿವಿ ಅಲ್ಲ, ಸೋಫಾ ಅಲ್ಲ,
ಮೊಲದಂಗ ಸುಮ್ಮನ ಕುಂತ ಒಂದು ಕುಕ್ಕರು.
"ಸೀಟಿ ಇಲ್ಲದ್ದು ಎಂಥಾ ಕುಕ್ಕರವ್ವಾ?" ಅಂದ ಅಡಿವೆಪ್ಪ, ನಮ್ಮ ಡ್ರೈವರು.
ಸೀಟಿ ಊದಾಕ ನಾ ಅದೀನಲ್ಲ ಅಂದೆ.

ತಿರುಪು ಒಂದ, ಸ್ಟಾಪು ಮೂರು.
ಹೈ ಅಂದ್ರ ನಾನ್‌ಸ್ಟಾಪು.
ವಾರ್ಮ್ ಅಂದ್ರ ಡಿಪೋದಾಗ
ಇಂಜಿನ್ ಚಾಲೂ ಇಟ್ಟು ನಿಂತ ಗಾಡಿ.
ಲೋ ಅಂದ್ರ ಆರ್ಡಿನರಿ:
ಕೈ ಮಾಡಿದಲ್ಲೆಲ್ಲಾ ನಿಲ್ಲತೈತಿ,
ಬಳ್ಳೊಳ್ಳಿ ಇಳಿದ ಮ್ಯಾಲ ಉಳ್ಳಾಗಡ್ಡಿ ಹತ್ತತೈತಿ,
ಉಪ್ಪು ಫುಟ್‌ಬೋರ್ಡ್ ಮ್ಯಾಲ ಜೋತಾಡಿಕೋತ ಬರತೈತಿ,
ಗದ್ದಲ ಇಲ್ಲ, ಕಡೀಕ ಎಲ್ಲಾರೂ ಊರು ಮುಟ್ಟತಾರ.

ನಸುಕಿನ್ಯಾಗ ಎದ್ದು
ರಾತ್ರಿ ನೆನಿ ಇಟ್ಟ ಹುರಳಿ, ಸುಟ್ಟ ಕೊಬ್ಬರಿ,
ಎರಡು ಚಮಚ ಮಸಾಲಿಖಾರ,
ಕೀಲಿ ಮೀಟರ್ ಡಬ್ಬಿ ಹಿಂದ.
ಖಾಸಬಾಗದ ಓಣಿ ದಾಟೂತನಕ ನಾಯಿ ಸುದ್ದಾ ಏಳಂಗಿಲ್ಲ.

ಕಾಕತಿ. ನೀರು ಇನ್ನೂ ನೀರ ಐತಿ.
ಹತ್ತರಗಿ. ಅಂಚಿಗೆ ಒಂದು ಸಣ್ಣ ಗುಳ್ಳಿ.
ಯಮಕನಮರಡಿಗೆ ಬಳ್ಳೊಳ್ಳಿ ಮೆತ್ತಗಾತು,
ಹುಕ್ಕೇರಿ ದಾಟಿದ್ರ ಖಾರ ಎಣ್ಣಿ ಬಿಡತೈತಿ.
ಚಿಕ್ಕೋಡಿ ಸ್ಟ್ಯಾಂಡಿನ್ಯಾಗ ಚಹಾ ಕುಡಕೋತ
ನಾ ಟಿಕೀಟಿನ ಲೆಕ್ಕ ಬರಿಯೂವಾಗ
ಅಲ್ಲಿ ಹುರಳಿ ಒಂದೊಂದ ಬಾಯಿ ಬಿಡತೈತಿ.

ನಮ್ಮವ್ವ ಕೇಳಿ ನಕ್ಕಳು, ರಾಮದುರ್ಗದಾಗ.
ಆಕಿ ಹಾಲು ಮುಂಜಾನಿಂದ ಸಂಜಿತನಕ
ಕುಳ್ಳಿನ ಬೂದ್ಯಾಗ ಕುಂಡರತಿತ್ತು,
ಕೆನಿ ರೊಟ್ಟಿಯಷ್ಟು ದಪ್ಪ, ಬಣ್ಣ ಇಟ್ಟಂಗಿ.
"ರೊಕ್ಕಾ ಕೊಟ್ಟು ಬೂದಿ ತಂದಿ ಬಿಡು" ಅಂದ್ಲು.

ಮನಿಗೆ ಕೀಲಿ ಐತಿ, ವಾಸನಿಗಿಲ್ಲ.
ಹತ್ತಕ್ಕ ಬಾಗಲ ಸಂದಿಂದ ಹೊರಬಿದ್ದು
ಮಗ್ಗದ ಖೋಲಿ ಹೊಕ್ಕು
ಲಾಳಿ ಸಂಗಾಟ ಅತ್ತಿಂದಿತ್ತ ಓಡಾಡತೈತಿ.
ನಾ ಉಣ್ಣೂದರಾಗ ಓಣಿ ಉಂಡಿರತೈತಿ.
ಎದರಮನಿ ಶೆವಂತಾಬಾಯಿ ಸಂಜೀಕ
ತೀರ್ಪು ಹೇಳಾಕ ಕಟ್ಟಿಮ್ಯಾಲ ನಿಂತಿರತಾಳ:
"ಆಜ ಮೀಠ ಕಮಿ."
ಉಪ್ಪು ಕಡಿಮಿ ಅಂತ. ಮೂಗಿನಿಂದ ತಿಳದಾಕಿ.

ಆ ಮಂಗಳವಾರ ಹನ್ನೊಂದೂಕಾಲಕ್ಕ ಫೋನು.
"ಅಗ, ಆಜ ವಾಸ ನಾಹಿ."
ಆಕಿ ದನಿ ಹಿಂದ ಮಗ್ಗದ ಸದ್ದೂ ಇದ್ದಿಲ್ಲ.
ಓಣಿ ಮಗ್ಗ ಎಲ್ಲಾ ಒಮ್ಮಿಗೆ ಬಾಯಿ ಮುಚ್ಚಿದ್ದು
ಹುಕ್ಕೇರಿ ಸ್ಟ್ಯಾಂಡಿಗೆ ಕೇಳಿಸ್ತು.
ಕರೆಂಟು ಹೋಗಿತ್ತು.

ಕೀಲಿ ಎಲ್ಲೈತಿ ಹೇಳಿದೆ.
ಬೆಂಕಿಮ್ಯಾಲ ಇಡಬ್ಯಾಡ್ರಿ, ಮಣ್ಣಿನ ಪಾತ್ರಿ, ಒಡೀತೈತಿ ಅಂದೆ.
ಅಷ್ಟರಾಗ ಒಬ್ಬಾಕಿ ಎರಡು ಕೋಳಿ ಹಿಡಕೊಂಡು ಹತ್ತಿದ್ಲು.
ಕೋಳಿಗೆ ಟಿಕೀಟು ತಗೀಬೇಕಂದ್ರ
"ಹುಂಜ ಅಲ್ಲವಾ ಇವು, ಹೆಣ್ಣ!
ಹೆಂಗಸರಿಗೆ ಫ್ರೀ ಐತಲ್ಲ?"
ಇಡೀ ಗಾಡಿ ನಕ್ಕಿತು, ನನ್ನ ಹುರಳಿ ಮರತ ಹೋತು.

ಮೂರೂವರಿಗೆ ಬಂದ್ರ ಬಾಗಲಾ ತೆರದಿತ್ತು.
ಶೆವಂತಾಬಾಯಿ ಗ್ವಾಡಿಗೆ ಆತು ಕುಂತಾಳ,
ತೊಡಿಮ್ಯಾಲ ನನ್ನ ಹಾಸಿಗಿ ಕೌದಿ,
ಕೌದಿ ಒಳಗ ಏನೋ ಗುಂಡಗ.
ಜ್ವರದ ಕೂಸಿನಂಗ ಅಪ್ಪಿಕೊಂಡು
ತೂಕಡಸಾಕ ಹತ್ಯಾಳ.

ಬಿಚ್ಚಿದೆ. ನಮ್ಮವ್ವನ ಹಸರು ಸೀರಿ,
ಅದರ ಬದಿಗೆ ನನ್ನ ಮೊದಲನೇ ಖಾಕಿ, ಬಣ್ಣ ಹೋದದ್ದು,
ಮತ್ತೊಂದು ಮಡಿಕಿ, ಮತ್ತೊಂದು,
ಆಮ್ಯಾಲ ಮುಚ್ಚಳ.
ಹಬಿ ಕನ್ನಡಕಕ್ಕ ಬಡೀತು.
ಬೆಂದಿತ್ತು. ಹಿಚುಕಿದ್ರ ಬೆಣ್ಣಿ.
ಹುಳಿ ಇತ್ತು ಒಂಚೂರು, ನಾ ಹಾಕಿದ್ದಲ್ಲ.
"ಆಮಸೂಲ, ಎರಡ. ಬೆಲ್ಲ ಇಷ್ಟ."
ಕರೆಂಟು ಹೋದದ್ದಕ್ಕ ಆಮಸೂಲ ಯಾಕ್ರಿ?
"ಹೆಂಗೂ ಮುಚ್ಚಳ ತೆರದಿದ್ನಲ್ಲ."

ರೊಟ್ಟಿ ಕೇಂದ್ರದಿಂದ ತಂದ ಆರೂ ಕಡಕ ರೊಟ್ಟಿ
ಇಬ್ಬರ ಮುಗಿಸಿದಿವಿ.
ನಾಕೂ ಇಪ್ಪತ್ತಕ್ಕ ಮಗ್ಗ ಶುರು ಆದವು,
ಮೂಲ್ಯಾಗ ಕುಕ್ಕರಿನ ಕೆಂಪು ದೀಪ ಹತ್ತಿತು,
ಪಾತ್ರಿ ಇಲ್ಲ, ಹುರಳಿ ಇಲ್ಲ, ಖಾಲಿ ಗಾಡಿ.
ಬಂದ್ ಮಾಡಾಕ ಯಾರೂ ಏಳಲಿಲ್ಲ.

ಕೌದಿಗೆ ಬಳ್ಳೊಳ್ಳಿ ವಾಸನಿ ಹತ್ತೈತಿ.
ರವಿವಾರ ಒಗೀಬೇಕಂತಿದ್ದೆ, ಎರಡು ರವಿವಾರ ಹೋದವು.
ಮೂರೂ ಐವತ್ತಕ್ಕ ಅಲಾರ್ಮ್ ಹೊಡೀತೈತಿ,
ಮುಖದ ತುಂಬ ಎಳಕೊಂಡು
ಇನ್ನೊಂದು ಸ್ಟಾಪು ಮಲಕೋತೀನಿ.